ಮಿರ್ಯಾಮ್, ಮರ್ಯಮ್, ಮರಿಯಮ್ಮ

ಶಿವಮೊಗ್ಗದ ದುರ್ಗಿಗುಡಿಯನ್ನು ಯಾರೂ ‘ದುರ್ಗಾ ದೇವಾಲಯ’ ಎಂದು ಕರೆಯುವುದಿಲ್ಲ. ಬಟ್ಟೆ ಕೊಳ್ಳಲು, ಕನ್ನಡಕ ಮಾಡಿಸಲು, ಮಕ್ಕಳಿಗೆ ಪಠ್ಯಪುಸ್ತಕ ತರಲು ಅಲ್ಲಿಗೆ ಹೋಗುವ ಹಿಂದೂ, ಮುಸ್ಲಿಮ್, ಕ್ರೈಸ್ತರೆಲ್ಲರ ಬಾಯಲ್ಲಿ ಅದು ದುರ್ಗಿಗುಡಿಯೇ. ಸಂಸ್ಕೃತದ ದುರ್ಗಾ ಇಲ್ಲಿಯ ನಾಲಿಗೆಗೆ ಒಗ್ಗಿ ದುರ್ಗಿಯಾದಳು, ದೇವಾಲಯ ಗುಡಿಯಾಯಿತು. ಇದರಿಂದ ದೇವಿಯ ಗೌರವಕ್ಕೆ ಕುಂದು ಬಂತೆಂದು ಯಾರೂ ದೂರಿದ್ದಿಲ್ಲ. ಊರಿನ ಹೆಸರಿನ ಕಥೆಯೂ ಹೀಗೆಯೇ ಇದೆ. 2014ರ ನವೆಂಬರ್ 1ರಂದು ಸರ್ಕಾರ ಇಂಗ್ಲಿಷಿನ ‘ಶಿಮೊಗ’ವನ್ನು ಕೈಬಿಟ್ಟು ‘ಶಿವಮೊಗ್ಗ’ ಎಂಬುದನ್ನೇ ಅಧಿಕೃತಗೊಳಿಸಿತು. ಆದರೆ ಅದು ಶಿವನ ಮುಖವೋ, ಸಿಹಿಯಾದ ಮೊಗೆಯೋ ಎಂಬ ಚರ್ಚೆ ಮುಗಿದಿಲ್ಲ. ಚರ್ಚೆ ಮುಗಿಯದಿದ್ದರೂ ಊರು ನಡೆದುಕೊಂಡು ಹೋಗುತ್ತಿದೆ. ಹೆಸರು ಬದುಕುವುದು ನಿಘಂಟಿನಿಂದಲ್ಲ, ಕರೆಯುವವರ ಬಾಯಿಂದ.

ಈ ಮಾತನ್ನು ನಾವು ಹೇಳುತ್ತಿರುವುದು ನಮ್ಮ ಮನೆಗಳಲ್ಲಿ ಈಚೆಗೆ ನಡೆಯುತ್ತಿರುವ ಒಂದು ಬದಲಾವಣೆಯನ್ನು ಗಮನಿಸಿ. ಮಗು ಹುಟ್ಟಿದ ಕೂಡಲೇ ಹೆಸರಿನ ಹುಡುಕಾಟ ಶುರುವಾಗುತ್ತದೆ. ಮೊದಲು ಮನೆಯ ಹಿರಿಯರೋ ಮೌಲವಿ ಸಾಹೇಬರೋ ಒಂದು ಹೆಸರು ಸೂಚಿಸುತ್ತಿದ್ದರು, ಅದೇ ನಿಲ್ಲುತ್ತಿತ್ತು. ಈಗ ಹೆಸರಿನ ಪುಸ್ತಕಗಳಿವೆ, ಮೊಬೈಲ್ ಇದೆ. ‘ಅರ್ಥ ಏನು? ಅರಬಿಯಲ್ಲಿ ಸರಿಯಾಗಿದೆಯೇ?’ ಎಂಬ ಎರಡು ಪ್ರಶ್ನೆಗಳನ್ನು ದಾಟಿದ ಹೆಸರಷ್ಟೇ ತೊಟ್ಟಿಲು ಮುಟ್ಟುತ್ತದೆ. ಈ ಪರೀಕ್ಷೆಯಲ್ಲಿ ‘ಮರ್ಯಮ್’ ಸುಲಭವಾಗಿ ತೇರ್ಗಡೆಯಾಗುತ್ತದೆ. ‘ಮರಿಯಂಬಿ’, ‘ಮರಿಯಮ್ಮ’ಗಳು ಬಿದ್ದುಹೋಗುತ್ತವೆ. ಅಜ್ಜಿ ಮರಿಯಂಬಿ, ಮೊಮ್ಮಗಳು ಮರ್ಯಮ್. ಮೊಮ್ಮಗಳನ್ನು ನೆರೆಯವರು ಬಾಯಿತಪ್ಪಿ ಮರಿಯಮ್ಮ ಎಂದರೆ ಮನೆಯವರಿಗೆ ಕಸಿವಿಸಿ. ‘ಅದು ಹಳ್ಳಿಯವರ ಹೆಸರು, ತಪ್ಪು ಉಚ್ಚಾರ’ ಎಂಬ ತಿದ್ದುಪಡಿ. ಈ ಕಸಿವಿಸಿಯ ಹಿಂದೆ ಏನಿದೆ ಎಂದು ವಿಚಾರಿಸುವುದು ಈ ಬರಹದ ಉದ್ದೇಶ. ಅದಕ್ಕೆ ಹೆಸರಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಮರ್ಯಮ್ ಎಂಬುದು ಮೂಲತಃ ಅರಬಿ ಹೆಸರಲ್ಲ. ಅದು ಇಬ್ರಾನಿ, ಅಂದರೆ ಹೀಬ್ರೂ ಭಾಷೆಯ ‘ಮಿರ್ಯಾಮ್’. ಈ ಹೆಸರಿನ ಮೊದಲ ಪ್ರಸಿದ್ಧ ಒಡತಿ ಹಝ್ರತ್ ಮೂಸಾ(ಅ)ರ ಅಕ್ಕ. ಫಿರ್‌ಔನನ ಆಳುಗಳಿಗೆ ಹೆದರಿ ತಾಯಿ ಹಸುಗೂಸನ್ನು ಬುಟ್ಟಿಯಲ್ಲಿಟ್ಟು ನೈಲ್ ನದಿಗೆ ಬಿಟ್ಟಾಗ ದೂರದಿಂದ ಕಾವಲು ಕಾದ ಹುಡುಗಿ ಆಕೆ. ಕುರ್‌ಆನ್ ಈ ಅಕ್ಕನನ್ನು ಹೆಸರಿಸದೆ ಸ್ಮರಿಸುತ್ತದೆ. ತೌರಾತ್ ಹೆಸರಿಸುತ್ತದೆ, ಪ್ರವಾದಿನಿ ಎಂದೂ ಕರೆಯುತ್ತದೆ. ಬನೀ ಇಸ್ರಾಈಲರು ಸಮುದ್ರ ದಾಟಿ ಬಿಡುಗಡೆ ಹೊಂದಿದಾಗ ಹೆಂಗಸರನ್ನೆಲ್ಲ ಕೂಡಿಸಿಕೊಂಡು ದಮ್ಮಡಿ ಬಾರಿಸಿ ಹಾಡಿದವಳು ಆಕೆ. ಮುಂದೆ ತಮ್ಮನ ವಿರುದ್ಧ ಮಾತಾಡಿದ ತಪ್ಪಿಗೆ ಚರ್ಮರೋಗಕ್ಕೆ ತುತ್ತಾಗಿ ಏಳು ದಿನ ಪಾಳೆಯದ ಹೊರಗೆ ಇದ್ದಳಂತೆ. ಅವಳು ಮರಳಿ ಬರುವವರೆಗೂ ಜನ ಪ್ರಯಾಣ ಮುಂದುವರಿಸಲಿಲ್ಲವಂತೆ.

ಹೆಸರಿನ ಅರ್ಥವೇನು? ಇಲ್ಲಿ ‘ಸರಿಯಾದ ಅರ್ಥ’ ಹುಡುಕುವವರಿಗೆ ನಿರಾಶೆ ಕಾದಿದೆ. ಹೀಬ್ರೂವಿನಲ್ಲಿ ‘ಮರ್’ ಎಂದರೆ ಕಹಿ. ಈಜಿಪ್ಟಿನ ಗುಲಾಮಗಿರಿಯ ಕಹಿ ದಿನಗಳಲ್ಲಿ ಹುಟ್ಟಿದವಳಾದ್ದರಿಂದ ಆ ಹೆಸರು ಎಂದು ಯಹೂದಿ ಪಂಡಿತರು ವಿವರಿಸಿದರು. ‘ಮೆರಿ’ ಎಂದರೆ ಬಂಡಾಯ; ಅದೇ ಮೂಲ ಎನ್ನುವವರೂ ಇದ್ದಾರೆ. ಮೂಸಾ ಎಂಬ ಹೆಸರಿನಂತೆ ಇದೂ ಈಜಿಪ್ಟಿನದೇ, ‘ಪ್ರೀತಿಪಾತ್ರಳು’ ಎಂಬ ಅರ್ಥದ್ದು ಎಂಬುದು ಆಧುನಿಕ ವಿದ್ವಾಂಸರಲ್ಲಿ ಕೆಲವರ ಅಭಿಪ್ರಾಯ. ‘ಯಮ್’ ಎಂದರೆ ಸಮುದ್ರವಾದ್ದರಿಂದ ಕ್ರೈಸ್ತ ಸಂತ ಜೆರೋಮ್ ‘ಸಮುದ್ರದ ಹನಿ’ ಎಂದು ಬಿಡಿಸಿದ; ಲ್ಯಾಟಿನಿನಲ್ಲಿ ಒಂದು ಅಕ್ಷರ ಬದಲಾಗಿ ಆ ಹನಿ ‘ಸಮುದ್ರದ ನಕ್ಷತ್ರ’ವಾಯಿತು. ಕಡಲಿಗೆ ಹೋಗುವ ಕ್ರೈಸ್ತರು ಇಂದಿಗೂ ಮೇರಿ ಮಾತೆಯನ್ನು ಆ ಹೆಸರಿನಿಂದ ಪ್ರಾರ್ಥಿಸುತ್ತಾರೆ. ನಮ್ಮ ತಫ್ಸೀರ್‌ಕಾರರು ‘ಅವರ ಭಾಷೆಯಲ್ಲಿ ಮರ್ಯಮ್ ಎಂದರೆ ಇಬಾದತ್ ಮಾಡುವವಳು’ ಎಂದು ಬರೆದರು. ಕಹಿ, ಬಂಡಾಯ, ಪ್ರೀತಿ, ಹನಿ, ನಕ್ಷತ್ರ, ಆರಾಧನೆ: ಒಂದೇ ಹೆಸರಿಗೆ ಇಷ್ಟು ಅರ್ಥಗಳು. ಪ್ರತಿ ಸಮಾಜವೂ ತನಗೆ ಬೇಕಾದ ಅರ್ಥವನ್ನು ಅದರೊಳಗೆ ಕಂಡುಕೊಂಡಿದೆ. ಹೆಸರಿನ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಅಚ್ಚಾಗಿರುವ ಅರ್ಥ ಈ ದೀರ್ಘ ಜಗಳದ ಒಂದು ತುಣುಕು ಮಾತ್ರ.

ಜನಪ್ರಿಯತೆಯ ವಿಷಯಕ್ಕೆ ಬಂದರೆ, ಈಸಾ(ಅ)ರ ಕಾಲದ ಫೆಲೆಸ್ತೀನಿನ ಯಹೂದಿ ಹೆಂಗಸರಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದ ಹೆಸರು ಇದೇ. ಶಾಸನ, ಸಮಾಧಿ, ದಾಖಲೆಗಳಿಂದ ಹೆಸರುಗಳನ್ನು ಕಲೆಹಾಕಿದ ಸಂಶೋಧಕರ ಲೆಕ್ಕದಂತೆ ಸುಮಾರು ಐದು ಹೆಂಗಸರಲ್ಲಿ ಒಬ್ಬಳ ಹೆಸರು ಮರಿಯಮ್. ಹೆರೋದ ರಾಜನ ಹೆಂಡತಿಯೂ ಮರಿಯಮ್ಮೆಯೇ. ಇಂಜೀಲಿನ ತುಂಬ ಮರಿಯಗಳಿರುವುದಕ್ಕೆ ಇದೇ ಕಾರಣ. ಅಂದರೆ ಹಝ್ರತ್ ಮರ್ಯಮರಿಗೆ ಇಟ್ಟದ್ದು ಅಪರೂಪದ ಹೆಸರಲ್ಲ. ಓಣಿಗೊಬ್ಬಳಿಗಿದ್ದ ಸಾಮಾನ್ಯ ಹೆಸರು. ಅದನ್ನು ದೊಡ್ಡದು ಮಾಡಿದ್ದು ಅವರ ಬದುಕು. ಮುಂದೆ ಅದು ಲೋಕವನ್ನೆಲ್ಲ ಸುತ್ತಿತು. ಅಮೆರಿಕದ ಸರ್ಕಾರಿ ಲೆಕ್ಕದ ಪ್ರಕಾರ ಅಲ್ಲಿ ಹೆಣ್ಣುಮಕ್ಕಳಿಗೆ ಇಟ್ಟ ಹೆಸರುಗಳಲ್ಲಿ 1880ರಿಂದ 1946ರವರೆಗೆ ಒಂದು ವರ್ಷವೂ ಬಿಡದೆ ‘ಮೇರಿ’ಯೇ ಮೊದಲ ಸ್ಥಾನದಲ್ಲಿತ್ತು.

ಇಷ್ಟು ದೂರ ನಡೆದ ಹೆಸರು ಒಂದೇ ಉಚ್ಚಾರದಲ್ಲಿ ಉಳಿಯುವುದು ಸಾಧ್ಯವೇ? ಹೀಬ್ರೂವಿನ ಮಿರ್ಯಾಮ್ ಗ್ರೀಕಿನಲ್ಲಿ ಮರಿಯಮ್ ಮತ್ತು ಮರಿಯಾ ಆಯಿತು, ಸುರಿಯಾನಿಯಲ್ಲಿ ಮರ್ಯಮ್ ಆಯಿತು. ಅರಬಿಯ ಮರ್ಯಮ್ ಈ ಸುರಿಯಾನಿ ರೂಪಕ್ಕೆ ಹತ್ತಿರವಾದದ್ದು. ಹಾಗಿರುವಾಗ ನಾವು ‘ಶುದ್ಧ’ ಎಂದು ಹಿಡಿದುಕೊಂಡಿರುವ ರೂಪವೂ ಮತ್ತೊಂದು ಭಾಷೆಯ ಬಾಯಲ್ಲಿ ಬಾಗಿ ಬಂದದ್ದೇ. ಅರಬಿಯ ನಾಲಿಗೆಗೆ ಇದ್ದ ಈ ಹಕ್ಕು ಕನ್ನಡದ ನಾಲಿಗೆಗೆ ಯಾಕಿಲ್ಲ ಎಂಬುದು ನಮ್ಮ ಪ್ರಶ್ನೆ.

ಅಚ್ಚಿನ ಕನ್ನಡ ಈ ವಿಷಯದಲ್ಲಿ ಹೆಚ್ಚೇನೂ ನೆರವಾಗಿಲ್ಲ. ಕನ್ನಡ ಬೈಬಲ್ಲಿನಲ್ಲಿ ಮೂಸಾರ ಅಕ್ಕ ‘ಮಿರ್ಯಾಮಳು’, ಈಸಾರ ತಾಯಿ ‘ಮರಿಯಳು’. ಒಂದು ಹೀಬ್ರೂವಿನಿಂದ ಬಂತು, ಇನ್ನೊಂದು ಗ್ರೀಕಿನಿಂದ ಬಂತು. ಅನುವಾದಕರ ನಿಷ್ಠೆಯನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಕನ್ನಡದ ಓದುಗನಿಗೆ ಇವೆರಡೂ ಒಂದೇ ಹೆಸರೆಂದು ತಿಳಿಯುವ ದಾರಿ ಮುಚ್ಚಿಹೋಯಿತು. ಕುರ್‌ಆನಿನ ಕನ್ನಡ ಅನುವಾದಗಳಲ್ಲಿ ‘ಮರ್ಯಮ್’ ಎಂಬ ಮೂರನೆಯ ರೂಪ ಬಂತು. ಪರಿಣಾಮವಾಗಿ ಒಂದೇ ಊರಿನಲ್ಲಿ ಕ್ರೈಸ್ತ ಹುಡುಗಿ ಮರಿಯಳ ಕಥೆ ಓದುತ್ತಾಳೆ, ಮುಸ್ಲಿಮ್ ಹುಡುಗಿ ಮರ್ಯಮರ ಕಥೆ ಓದುತ್ತಾಳೆ; ಇಬ್ಬರೂ ಓದುತ್ತಿರುವುದು ಒಬ್ಬಳೇ ತಾಯಿಯ ಕಥೆ ಎಂದು ಪುಸ್ತಕದಿಂದ ಗೊತ್ತಾಗುವುದಿಲ್ಲ.

ಪುಸ್ತಕ ಮಾಡದ್ದನ್ನು ಮನೆಮಾತು ಮಾಡಿದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಬ್ಯಾರಿ ಮನೆಗಳಲ್ಲಿ ಫಾತಿಮಾ ಪಾತುಮ್ಮಳಾದಂತೆ, ಖದೀಜಾ ಕತೀಜಮ್ಮಳಾದಂತೆ ಮರ್ಯಮ್ ಮರಿಯಮ್ಮಳಾದಳು. ದಖನಿ ಮಾತಾಡುವ ಬಯಲುಸೀಮೆ, ಮಲೆನಾಡಿನ ಮನೆಗಳಲ್ಲಿ ‘ಬೀ’ ಸೇರಿ ಮರಿಯಂಬಿಯಾದಳು. ಕನ್ನಡ ಕ್ರೈಸ್ತರೂ ಇದನ್ನೇ ಮಾಡಿದರು. ಅವರಲ್ಲಿ ಇಗ್ನೇಷಿಯಸ್ ಇನ್ನಾಸಪ್ಪನಾದ, ಕ್ಸೇವಿಯರ್ ಚೌರಪ್ಪನಾದ, ಮೇರಿ ಮರಿಯಮ್ಮಳಾದಳು. ಒಬ್ಬರನ್ನೊಬ್ಬರು ಕೇಳದೆ ಇಬ್ಬರೂ ಒಂದೇ ರೂಪಕ್ಕೆ ಬಂದು ನಿಂತರು. ಯಾಕೆಂದರೆ ಇಬ್ಬರೂ ಆಡುತ್ತಿದ್ದುದು ಹೆಂಗಸನ್ನು ‘ಅಮ್ಮ’ ಎಂದು ಸೇರಿಸಿ ಕರೆಯುವ ನೆಲದ ಮಾತು. ಕನ್ನಡದಲ್ಲಿ ‘ಮರಿ’ ಎಂದರೆ ಕೂಸು. ಮಗುವನ್ನು ಮುದ್ದಿನಿಂದ ‘ಬಾ ಮರಿ’ ಎನ್ನುತ್ತೇವೆ. ಮರಿಯಮ್ಮ ಎಂದಾಗ ಕನ್ನಡದ ಕಿವಿಗೆ ಮಗುವಿನ ತಾಯಿ ಕೇಳಿಸುತ್ತಾಳೆ. ಹೀಬ್ರೂ ಪಂಡಿತರ ಅರ್ಥಗಳ ಪಟ್ಟಿಗೆ ಕನ್ನಡ ತನ್ನದೂ ಒಂದು ಅರ್ಥ ಸೇರಿಸಿದೆ. ಮಗುವಿನೊಂದಿಗಲ್ಲದೆ ನೆನಪಾಗದ ಆ ತಾಯಿಗೆ ಇದಕ್ಕಿಂತ ಒಪ್ಪುವ ಅರ್ಥ ಬೇರೆ ಭಾಷೆಯಲ್ಲಿ ಸಿಗುವುದು ಕಷ್ಟ.

ಇದರ ಪಕ್ಕದಲ್ಲೇ ಇನ್ನೊಬ್ಬಳಿದ್ದಾಳೆ: ಮಾರಿಯಮ್ಮ. ಶಿವಮೊಗ್ಗದ ಕೋಟೆ ಮಾರಿಕಾಂಬೆ, ಶಿರಸಿಯ ಮಾರಿಕಾಂಬೆ, ಕಾಪುವಿನ ಮಾರಿ, ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಬಂದ ತಮಿಳರು ಭದ್ರಾವತಿಗೆ ಜೊತೆಯಲ್ಲಿ ತಂದ ಮಾರಿಯಮ್ಮನ್. ಮರಿಯಮ್ಮನಿಗೂ ಮಾರಿಯಮ್ಮನಿಗೂ ಭಾಷಾಶಾಸ್ತ್ರದ ನೆಂಟಸ್ತಿಕೆ ಇಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬೇಕು. ಮಾರಿ ಈ ನೆಲದ ಮಾತು, ಮರ್ಯಮ್ ಹೀಬ್ರೂ ಮೂಲದ್ದು. ನಂಬಿಕೆಯ ವಿಷಯದಲ್ಲಂತೂ ಅಂತರ ಇನ್ನೂ ದೊಡ್ಡದು; ನಮಗೆ ಮರ್ಯಮರು ಅಲ್ಲಾಹನ ಪುಣ್ಯವತಿ ದಾಸಿಯೇ ಹೊರತು ಪೂಜೆಗೊಳ್ಳುವ ದೇವತೆಯಲ್ಲ. ಸಾಮರಸ್ಯದ ಹೆಸರಿನಲ್ಲಿ ಈ ವ್ಯತ್ಯಾಸವನ್ನು ಮಸುಕು ಮಾಡುವುದು ಯಾರಿಗೂ ಗೌರವವಲ್ಲ. ಆದರೆ ಹೆಸರುಗಳು ನೆರೆಹೊರೆಯಲ್ಲಿ ಬದುಕುತ್ತವೆ. 1918ರಲ್ಲಿ ಮೈಸೂರು ಸರ್ಕಾರ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿದ ಮೇಲೆ ನಾನಾ ಭಾಷೆ, ಧರ್ಮದ ಕೆಲಸಗಾರರು ಅಲ್ಲಿ ಒಂದೇ ಸಾಲಿನ ಮನೆಗಳಲ್ಲಿ ನೆಲೆಸಿದರು. ಒಂದು ಮನೆಯಲ್ಲಿ ಮಾರಿಯಮ್ಮ, ಪಕ್ಕದಲ್ಲಿ ಕ್ರೈಸ್ತರ ಮರಿಯಮ್ಮ, ಅದರಾಚೆ ಸಾಬರ ಮರಿಯಂಬಿ ಇರಬಹುದಾದ ಊರು ಅದು. ನಲ್ಲಿಯ ಹತ್ತಿರ ಒಂದೇ ಕೂಗಿಗೆ ಮೂವರೂ ತಿರುಗಿ ನೋಡಬಹುದಾಗಿತ್ತು. ಬೆಂಗಳೂರಿನ ಶಿವಾಜಿನಗರದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಸೀರೆಯುಟ್ಟ ಮೇರಿ ಮಾತೆಯ ಮುಂದೆ ಎಲ್ಲ ಧರ್ಮದ ತಾಯಂದಿರೂ ನಿಲ್ಲುವುದನ್ನು ಇಂದಿಗೂ ನೋಡಬಹುದು.

ಇದು ಕೆಳಗಿನವರ ಬದುಕಿನಲ್ಲಿ ಮಾತ್ರ ನಡೆದದ್ದಲ್ಲ. ಮೊಗಲ್ ಬಾದಷಹ ಅಕ್ಬರನ ತಾಯಿ ಹಮೀದಾ ಬಾನುವಿಗೆ ‘ಮರಿಯಮ್ ಮಕಾನಿ’ ಎಂಬ ಬಿರುದಿತ್ತು. ಅವನ ಹೆಂಡತಿ, ಜಹಾಂಗೀರನ ತಾಯಿ, ಅಂಬೇರಿನ ರಜಪೂತ ರಾಜಕುಮಾರಿ. ಆಕೆಗೆ ಸಿಕ್ಕ ಬಿರುದು ‘ಮರಿಯಮ್ ಉಝ್ ಝಮಾನಿ’, ಅಂದರೆ ಈ ಕಾಲದ ಮರ್ಯಮ್. ಯಹೂದಿಯರ ಹೆಸರು, ಅರಬಿಯ ರೂಪ, ಹಿಂದೂ ಮನೆತನದ ಹೆಣ್ಣು. ತಾಯ್ತನದ ಗೌರವಕ್ಕೆ ಆ ದರ್ಬಾರಿಗೆ ಇದಕ್ಕಿಂತ ದೊಡ್ಡ ಹೆಸರು ಹೊಳೆಯಲಿಲ್ಲ.

ಹೀಗೆ ನೂರಾರು ವರ್ಷ ಸವೆದು ನುಣುಪಾದ ಹೆಸರು ಈಗ ಎರಡು ಕಡೆಯಿಂದ ಇಕ್ಕಟ್ಟಿಗೆ ಸಿಕ್ಕಿದೆ. ಹೊರಗಿನ ಇಕ್ಕಟ್ಟು ಎಲ್ಲರಿಗೂ ಗೊತ್ತಿರುವುದೇ. 2022ರ ಮಾರ್ಚಿಯಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ಸಿಗಲಿಲ್ಲ. ಅದೇ ತಿಂಗಳು ಕಾಪುವಿನ ಸುಗ್ಗಿ ಮಾರಿಪೂಜೆಯಲ್ಲೂ ಹೀಗೇ ಆಯಿತು. ಬಳೆ, ಆಟದ ಸಾಮಾನು, ಹಣ್ಣು ಮಾರಿ ಬದುಕುವ ಬಡ ಕುಟುಂಬಗಳಿಗೆ ಜಾತ್ರೆಯ ಕೆಲವೇ ದಿನಗಳ ದುಡಿಮೆ ಎಂದರೆ ತಿಂಗಳುಗಳ ಅನ್ನ. ಅಲ್ಲಿ ಹೊರಗುಳಿದವರನ್ನು ಗುರುತಿಸಲು ಬೇಕಾದದ್ದು ಅವರ ಹೆಸರು ಮಾತ್ರ. ಮೂಲ್ಕಿಯ ಬಪ್ಪನಾಡಿನಲ್ಲಿ ದುರ್ಗಾಪರಮೇಶ್ವರಿಯ ಗುಡಿಯನ್ನು ಬಪ್ಪ ಬ್ಯಾರಿ ಎಂಬ ಮುಸ್ಲಿಮ್ ವರ್ತಕ ಕಟ್ಟಿಸಿದನೆಂಬ ಐತಿಹ್ಯವಿರುವ ನಾಡಿನಲ್ಲಿ ಇದು ನಡೆಯಿತು ಎಂಬುದು ವಿಪರ್ಯಾಸ.

ಇಲ್ಲಿ ನಮಗೆ ಹಿಜರಿಗೂ ಮೊದಲಿನ ಒಂದು ಘಟನೆ ನೆನಪಾಗುತ್ತದೆ. ಮಕ್ಕಾದ ಕಿರುಕುಳ ತಾಳಲಾರದೆ ಕ್ರಿ.ಶ. 615ರ ಸುಮಾರಿಗೆ ಒಂದು ಗುಂಪು ಮುಸ್ಲಿಮರು ಅಬಿಸೀನಿಯಾಕ್ಕೆ ಹೋಗಿ ಕ್ರೈಸ್ತ ದೊರೆ ನಜಾಶಿಯ ಆಶ್ರಯ ಬೇಡಿದರು. ಅವರನ್ನು ಹಿಡಿದು ಒಪ್ಪಿಸಬೇಕೆಂದು ಕುರೈಷರು ದೂತರನ್ನು ಅಟ್ಟಿದರು. ದೊರೆ ವಿಚಾರಿಸಿದಾಗ ಪ್ರವಾದಿ(ಸ)ರ ದೊಡ್ಡಪ್ಪನ ಮಗ ಜಾಫರ್ ಅವರು ಓದಿದ್ದು ಸೂರಃ ಮರ್ಯಮ್‌ನ ಭಾಗವನ್ನು. ಕೇಳಿದ ದೊರೆ ಅವರನ್ನು ಒಪ್ಪಿಸಲು ನಿರಾಕರಿಸಿದ. ತನ್ನ ಧರ್ಮದ ತಾಯಿಯ ಹೆಸರು ಪರದೇಶಿಗಳ ಬಾಯಲ್ಲಿ ಅಷ್ಟು ಗೌರವದಿಂದ ಬಂದದ್ದನ್ನು ಆತ ಕೇಳಿಸಿಕೊಂಡ. ಇಸ್ಲಾಮಿನ ಮೊದಲ ನಿರಾಶ್ರಿತರಿಗೆ ಬಾಗಿಲು ತೆರೆದದ್ದು ಈ ಹೆಸರು. ಹೆಸರು ಕೇಳಿ ಬಾಗಿಲು ತೆರೆಯುವುದೂ ಉಂಟು, ಹೆಸರು ಕೇಳಿ ಬಾಗಿಲು ಹಾಕುವುದೂ ಉಂಟು. ಯಾವುದನ್ನು ಮಾಡಬೇಕೆಂಬುದನ್ನು ಹೆಸರು ತೀರ್ಮಾನಿಸುವುದಿಲ್ಲ, ಕೇಳಿಸಿಕೊಳ್ಳುವವರು ತೀರ್ಮಾನಿಸುತ್ತಾರೆ.

ಒಳಗಿನ ಇಕ್ಕಟ್ಟು ನಾವೇ ತಂದುಕೊಂಡದ್ದು. ಅಜ್ಜಿಯ ಹೆಸರನ್ನು ತಿದ್ದುವಾಗ ನಾವು ಬರಿಯ ಉಚ್ಚಾರ ತಿದ್ದುತ್ತಿಲ್ಲ. ಕ್ರೈಸ್ತರ ಮರಿಯಮ್ಮನಂತೆ, ಊರಿನ ಮಾರಿಯಮ್ಮನಂತೆ ಕೇಳಿಸಬಾರದು ಎಂಬ ಅಂಜಿಕೆಯೂ ಅದರೊಳಗಿದೆ. ಜಾತ್ರೆಯಿಂದ ನಮ್ಮನ್ನು ಹೊರಗಿಟ್ಟವರು ‘ಇವರು ಬೇರೆ’ ಎಂದರು. ನಾವು ಹೆಸರನ್ನು ತೊಳೆದು ತೊಳೆದು ‘ಹೌದು, ನಾವು ಬೇರೆ’ ಎನ್ನುತ್ತಿದ್ದೇವೆ. ಎರಡರ ಬಲ ಒಂದೇ ಅಲ್ಲ. ಅಧಿಕಾರ ಇರುವವರು ಹೊರಗಿಡುವುದಕ್ಕೂ, ಹೆದರಿದವರು ಒಳಗೆ ಸರಿಯುವುದಕ್ಕೂ ವ್ಯತ್ಯಾಸವಿದೆ. ಆದರೆ ಎರಡರಿಂದಲೂ ಕಳೆದುಹೋಗುವುದು ಒಂದೇ: ನಲ್ಲಿಯ ಹತ್ತಿರ ಒಟ್ಟಿಗೆ ತಿರುಗಿ ನೋಡುವ ಆ ಸಾಧ್ಯತೆ.

ಹೆಸರು ತಿದ್ದುವವರಿಗೆ ಇನ್ನೊಂದು ಸಮರ್ಥನೆ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ರೇಷನ್ ಕಾರ್ಡಿನಲ್ಲಿ ಮರಿಯಂಬಿ, ಮತದಾರರ ಪಟ್ಟಿಯಲ್ಲಿ ಮರಿಯಮ್ಮ, ಆಧಾರ್‌ನಲ್ಲಿ ಮರ್ಯಮ್ ಬೀ ಎಂದಿದ್ದರೆ ಒಬ್ಬಳೇ ಹೆಂಗಸು ಮೂವರಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. 2019ರ ಆಗಸ್ಟ್ 31ರಂದು ಅಸ್ಸಾಮಿನ ರಾಷ್ಟ್ರೀಯ ಪೌರತ್ವ ನೋಂದಣಿಯ ಕೊನೆಯ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಜನ ಅದರಿಂದ ಹೊರಗುಳಿದಿದ್ದರು. ಆ ಪಟ್ಟಿ ತಯಾರಾದ ವರ್ಷಗಳಲ್ಲಿ ಹೆಸರಿನ ಒಂದು ಅಕ್ಷರ ಹೆಚ್ಚುಕಮ್ಮಿಯಾದದ್ದು ಎಷ್ಟೋ ಬಡವರನ್ನು ಕಂಗೆಡಿಸಿತ್ತು. ಆ ಸುದ್ದಿ ಓದಿದ ಯಾವ ತಂದೆಯೂ ಮಗಳ ಹೆಸರಿನ ಅಕ್ಷರಗಳ ಬಗ್ಗೆ ಉದಾಸೀನನಾಗಿರಲಾರ. ದಾಖಲೆಗಳಲ್ಲಿ ಒಂದೇ ರೂಪ ಇರಲಿ, ಇರಲೇಬೇಕು. ಆದರೆ ದಾಖಲೆಯ ಹೆಸರೇ ಬೇರೆ, ಕರೆಯುವ ಹೆಸರೇ ಬೇರೆ. ಗುಮಾಸ್ತನ ಭಯವನ್ನು ಅಡುಗೆಮನೆಯವರೆಗೂ ತರಬೇಕಿಲ್ಲ. ಅಲ್ಲದೆ ದಾಖಲೆಯಲ್ಲೂ ಮರಿಯಮ್ಮ ಎಂದೇ ಒಂದೇ ರೀತಿ ಬರೆಸಲು ಯಾವ ಅಡ್ಡಿಯಿದೆ?

ಕಥೆ ಬರೆಯುವವರಾದ ನಮಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಕನ್ನಡದ ದೊಡ್ಡ ಸಾಹಿತ್ಯ ಬಹಳ ಕಾಲ ಮುಸ್ಲಿಮರನ್ನು ಹೆಸರಿನಿಂದ ಗುರುತಿಸಲಿಲ್ಲ. ನಮ್ಮ ಜಿಲ್ಲೆಯ ತೀರ್ಥಹಳ್ಳಿ ಸೀಮೆಯ ಮೇಲೆ ಬರೆದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ನಿಕೃಷ್ಟರೆನಿಸಿದವರನ್ನೂ ಕೈಬಿಡದ ಮಹಾಕಾದಂಬರಿ. ಅಲ್ಲಿಯೂ ನಮ್ಮವರು ಪುಡಿಸಾಬು, ಅಜ್ಜಿಸಾಬು ಮೊದಲಾದ ಅಡ್ಡಹೆಸರುಗಳಲ್ಲೇ ಓಡಾಡುತ್ತಾರೆ. ಅದು ಆ ಕಾಲದ ಊರಿನ ಮಾತಿನ ನಿಷ್ಠ ಚಿತ್ರವೇ ಇರಬಹುದು. ಆದರೂ ಅಡ್ಡಹೆಸರಿನವರಿಗೆ ಹೊರಗಿನ ರೂಪವಿರುತ್ತದೆ, ಮನೆ ಇರುವುದಿಲ್ಲ. 1984ರಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಬಂದಾಗ ಕನ್ನಡ ಓದುಗರು ಮುಸ್ಲಿಮ್ ಹೆಂಗಸೊಬ್ಬಳನ್ನು ಅವಳ ಸ್ವಂತ ಹೆಸರಿನಿಂದ, ಅವಳ ಮನೆಯೊಳಗೆ ಕಂಡರು. ಆ ಲೇಖಕಿಯ ಹೆಸರೂ ಹೀಬ್ರೂವಿನದೇ. ಸಾರಾ ಎಂದರೆ ಕುಲೀನೆ, ರಾಜಪುತ್ರಿ; ಹಝ್ರತ್ ಇಬ್ರಾಹೀಮರ ಪತ್ನಿಯ ಹೆಸರು. ಆಡುಮಾತಿನ ಹೆಸರಿಗೂ ಸಾಹಿತ್ಯದಲ್ಲಿ ಗೌರವವಿದೆ ಎಂದು ಪಕ್ಕದ ಮಲಯಾಳದಲ್ಲಿ ವೈಕಂ ಮುಹಮ್ಮದ್ ಬಶೀರರು 1959ರಲ್ಲೇ ತೋರಿಸಿದ್ದರು. ‘ಪಾತುಮ್ಮಳ ಆಡು’ ಎಂಬ ಕೃತಿಗೆ ಅವರು ‘ಫಾತಿಮಾಳ ಆಡು’ ಎಂದು ಹೆಸರಿಟ್ಟಿದ್ದರೆ ಆ ಮನೆಯ ಗಲಾಟೆ, ಬಡತನ, ಪ್ರೀತಿ ಯಾವುದೂ ತಲೆಬರಹದಲ್ಲಿ ಕೇಳಿಸುತ್ತಿರಲಿಲ್ಲ.

ಆದರೆ ಹೆಸರಿನ ರೂಪದ ಚರ್ಚೆ ಇಲ್ಲಿಗೇ ನಿಂತರೆ ಮುಖ್ಯವಾದ ಮಾತು ಉಳಿದುಬಿಡುತ್ತದೆ. ಮರ್ಯಮ್ ಎಂಬ ಹೆಸರಿನ ನಿಜವಾದ ಅರ್ಥ ಆ ಹೆಸರಿನ ಹೆಣ್ಣಿಗೆ ಏನಾಯಿತು ಎಂಬುದರಲ್ಲಿದೆ. ಕುರ್‌ಆನ್ ಹೆಸರಿಟ್ಟು ಕರೆದಿರುವ ಹೆಂಗಸು ಮರ್ಯಮರೊಬ್ಬರೇ. 34 ಸಲ ಅವರ ಹೆಸರು ಬರುತ್ತದೆ, 19ನೇ ಅಧ್ಯಾಯಕ್ಕೆ ಅವರದೇ ಹೆಸರು. ಗರ್ಭದಲ್ಲಿರುವ ಮಗುವನ್ನು ದೇವರ ಸೇವೆಗೆಂದು ಹರಕೆ ಹೊತ್ತ ತಾಯಿಗೆ ಹುಟ್ಟಿದ್ದು ಹೆಣ್ಣು. ಆ ಕಾಲದಲ್ಲಿ ಆಲಯದ ಸೇವೆ ಗಂಡಿನದು. ಅಲ್ಲಾಹನು ಆ ಹೆಣ್ಣನ್ನೇ ಸ್ವೀಕರಿಸಿದನು. ಆಕೆ ಮಿಹ್ರಾಬಿನಲ್ಲಿ ಬೆಳೆದರು. ನೋಡಿಕೊಳ್ಳುತ್ತಿದ್ದ ಝಕರಿಯ್ಯಾ(ಅ)ರು ಬಂದಾಗಲೆಲ್ಲ ಆಕೆಯ ಬಳಿ ಆಹಾರ ಕಾಣುತ್ತಿದ್ದರು. ಮುಂದೆ ಗಂಡಿನ ಸ್ಪರ್ಶವಿಲ್ಲದೆ ಗರ್ಭಿಣಿಯಾಗಿ, ಊರಿನಿಂದ ದೂರ ಖರ್ಜೂರದ ಮರದ ಬುಡದಲ್ಲಿ ಒಬ್ಬರೇ ಹೆರಿಗೆ ನೋವು ತಿಂದರು. ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಿತ್ತು ಎಂದು ನೊಂದರು. ಆಗ ಅವರ ಕಾಲ ಕೆಳಗೆ ನೀರು ಹರಿಯಿತು, ಮರದಿಂದ ಹಣ್ಣು ಉದುರಿತು. ಕೂಸನ್ನೆತ್ತಿಕೊಂಡು ಬಂದಾಗ ಊರು ಬೆರಳು ತೋರಿಸಿತು. ಅವರು ಮಾತಾಡಲಿಲ್ಲ. ಅವರ ಪರವಾಗಿ ತೊಟ್ಟಿಲ ಕೂಸು ಮಾತಾಡಿತು. ಆ ಕೂಸನ್ನು ಕುರ್‌ಆನ್ ಮತ್ತೆ ಮತ್ತೆ ‘ಮರ್ಯಮರ ಮಗ ಈಸಾ’ ಎಂದೇ ಕರೆಯುತ್ತದೆ.

ಇದನ್ನು ಓದಿದ ಮೇಲೆ ಕನ್ನಡದ ಮುಸ್ಲಿಮ್ ಲೇಖಕಿಯರ ಕಥೆಗಳನ್ನು ಮತ್ತೆ ಓದಬೇಕು. ಸಾರಾ ಅವರ ನಾದಿರಾ ತಂದೆಯ ಹಟಕ್ಕೆ ಸಿಕ್ಕು ತಲಾಕಾದವಳು. ಮೆಚ್ಚಿದ ಗಂಡನನ್ನು ಮತ್ತೆ ಸೇರಬೇಕಾದರೆ ಇನ್ನೊಬ್ಬನನ್ನು ಒಂದು ರಾತ್ರಿಯ ಮಟ್ಟಿಗೆ ಮದುವೆಯಾಗಬೇಕೆಂಬ ಕಟ್ಟಳೆ ಎದುರಾದಾಗ ಅವಳು ನೀರಿಗೆ ನಡೆಯುತ್ತಾಳೆ. ಮರ್ಯಮರಿಗೆ ಜೀವ ಉಳಿಸಲು ಹರಿದ ನೀರು ನಾದಿರಾಳಿಗೆ ಜೀವ ತೆಗೆಯುವ ನೀರಾಯಿತು. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆ ಸೇರಿ ಅಕ್ಷರ ಕಲಿತು, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯವರೆಗೆ ಹೋದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಬಿಟ್ಟ ಅಶ್ರಫ್ ಕಾಯಿಲೆಯ ಕೂಸಿನೊಂದಿಗೆ ನ್ಯಾಯ ಕೇಳಿ ಮಸೀದಿಯ ಅಂಗಳಕ್ಕೆ ಬರುತ್ತಾಳೆ. ತೀರ್ಥಹಳ್ಳಿ ತಾಲೂಕಿನವರೇ ಆದ ಗಿರೀಶ್ ಕಾಸರವಳ್ಳಿ ಅದನ್ನು 2004ರಲ್ಲಿ ‘ಹಸೀನಾ’ ಎಂಬ ಚಿತ್ರ ಮಾಡಿದರು. ಮಿಹ್ರಾಬಿನ ಮರ್ಯಮರಿಗೆ ಆಹಾರ ಸಿಕ್ಕಿತು. ಮಸೀದಿಯ ಅಂಗಳದ ಅಶ್ರಫ್‌ಗೆ ಸಿಕ್ಕಿದ್ದು ಮುತವಲ್ಲಿಯ ಉಪೇಕ್ಷೆ. ಈ ಕಥೆಗಳನ್ನು ಬರೆದವರನ್ನು ಸಮುದಾಯದ ಮಾನ ತೆಗೆದವರು ಎಂದು ಜರೆದವರು ನಮ್ಮಲ್ಲಿ ಕಡಿಮೆಯೇನಲ್ಲ. ಸೂರಃ ಮರ್ಯಮ್ ಅನ್ನು ಬಾಯಿಪಾಠ ಮಾಡಿದವರು ಬೆರಳು ತೋರಿಸುವವರ ಸಾಲಿನಲ್ಲಿ ನಿಲ್ಲುವುದು ಹೇಗೆ?

ತುರ್ಕಿಯ ಎಷ್ಟೋ ಹಳೆಯ ಮಸೀದಿಗಳಲ್ಲಿ ಮಿಹ್ರಾಬಿನ ಮೇಲೆ ಕೆತ್ತಿರುವುದು ಝಕರಿಯ್ಯಾರು ಮಿಹ್ರಾಬಿನಲ್ಲಿ ಮರ್ಯಮರನ್ನು ಕಾಣಲು ಹೋಗುತ್ತಿದ್ದರೆಂಬ ವಾಕ್ಯದ ಭಾಗವನ್ನು. ಇಮಾಮರು ನಿಲ್ಲುವ ಜಾಗದ ನೆತ್ತಿಯ ಮೇಲೆ ಒಬ್ಬ ಹೆಣ್ಣಿನ ನೆನಪು. ನಮ್ಮ ಊರುಗಳ ಹೆಚ್ಚಿನ ಮಸೀದಿಗಳಲ್ಲಿ ಹೆಂಗಸರಿಗೆ ವುಝೂ ಮಾಡಲೂ ಒಂದು ಮೂಲೆಯಿಲ್ಲ. 2020ರಲ್ಲಿ ಅಖಿಲ ಭಾರತ ಮುಸ್ಲಿಮ್ ಪರ್ಸನಲ್ ಲಾ ಬೋರ್ಡೇ ಸುಪ್ರೀಂ ಕೋರ್ಟಿಗೆ ಹೆಂಗಸರು ಮಸೀದಿಗೆ ಬಂದು ನಮಾಝ್ ಮಾಡಲು ಧರ್ಮದಲ್ಲಿ ಅವಕಾಶವಿದೆ ಎಂದು ತಿಳಿಸಿದೆ. ಅವಕಾಶ ಕಾಗದದಲ್ಲಿದೆ, ಬಾಗಿಲು ಗೋಡೆಯಲ್ಲಿಲ್ಲ.

ತಂದೆಯ ಹೆಸರಿನ ವಿಷಯವೂ ಹೀಗೆಯೇ. ಅವಿವಾಹಿತ ತಾಯಿ ಮಗುವಿನ ಪಾಲಕತ್ವ ಕೇಳುವಾಗ ತಂದೆಯ ಹೆಸರು ಹೇಳಲೇಬೇಕೆಂದು ಒತ್ತಾಯಿಸಬಾರದೆಂದು 2015ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ತಾಯಿಯ ಹೆಸರಿನಿಂದ ಗುರುತಾದ ಪ್ರವಾದಿಯನ್ನು ನಂಬುವವರಿಗೆ ಈ ತೀರ್ಪು ಹೊಸದಾಗಿ ಕಾಣಬಾರದಿತ್ತು. ಆದರೂ ಗಂಡ ಬಿಟ್ಟುಹೋದವಳ ಮಗ ಶಾಲೆಗೆ ಸೇರುವಾಗ, ಮಗಳಿಗೆ ನಂಟು ಬಂದಾಗ ‘ಅಪ್ಪ ಯಾರು, ಎಲ್ಲಿದ್ದಾನೆ?’ ಎಂದು ಮೊದಲು ಕೇಳುವವರು ನಾವೇ. ಹಝ್ರತ್ ಮರ್ಯಮರಿಗೆ ನಾವು ಕೊಡುವ ಗೌರವ ಹೆಸರಿನ ಮುಂದೆ ‘ಹಝ್ರತ್’ ಸೇರಿಸುವಲ್ಲಿಗೆ ಮುಗಿಯುತ್ತಿದೆ.

ಆದ್ದರಿಂದ ಮಗಳಿಗೆ ಈ ಹೆಸರು ಇಡುವವರಿಗೆ ನಮ್ಮದೊಂದು ವಿನಂತಿ. ಹೆಸರು ಖಂಡಿತ ಇಡಿ. ಮೂರು ಸಾವಿರ ವರ್ಷಗಳ ದಾರಿ ನಡೆದು ಬಂದ ಹೆಸರು ಅದು. ಮರ್ಯಮ್ ಎಂದು ಬರೆಸಿದರೂ ಸರಿ, ಮರಿಯಮ್ ಎಂದು ಬರೆಸಿದರೂ ಸರಿ. ನೆರೆಯವರು ಮರಿಯಮ್ಮ ಎಂದು ಕೂಗಿದರೆ ತಿದ್ದಬೇಡಿ, ಓಗೊಡಲು ಕಲಿಸಿ. ಆ ಕೂಗಿನಲ್ಲಿ ತಪ್ಪು ಉಚ್ಚಾರವಿಲ್ಲ, ಪರಿಚಯವಿದೆ. ಅಂಥ ಪರಿಚಯ ಈಗ ಅಗ್ಗವಲ್ಲ. ಹೆಸರಿನ ಪುಸ್ತಕದಲ್ಲಿ ಅರ್ಥ ಹುಡುಕುವಷ್ಟೇ ಶ್ರದ್ಧೆಯಿಂದ ಸೂರಃ ಮರ್ಯಮ್ ಅನ್ನು ತಿಳಿಯುವ ಭಾಷೆಯಲ್ಲಿ ಅವಳಿಗೆ ಓದಿಸಿ. ಬೆರಳು ತೋರಿಸಿದ ಊರಿನ ಎದುರು ಒಂಟಿಯಾಗಿ ನಿಂತ ಹೆಣ್ಣಿನ ಹೆಸರು ತನ್ನದೆಂದು ಅವಳಿಗೆ ಗೊತ್ತಿರಲಿ.

ಜಮಾಅತಿನ ಹಿರಿಯರಿಗೂ ಒಂದು ಮಾತು. ಮುಂದಿನ ಸಲ ಯಾರಾದರೂ ಮರಿಯಂಬಿ ಕೂಸನ್ನೆತ್ತಿಕೊಂಡು ಮಸೀದಿಯ ಬಾಗಿಲಿಗೆ ಬಂದರೆ ಅವಳ ಗಂಡ ಯಾರೆಂದು ಕೇಳುವ ಮೊದಲು ಅವಳು ಊಟ ಮಾಡಿದ್ದಾಳೆಯೇ ಎಂದು ಕೇಳಿ. ಕುರ್‌ಆನಿನ ಮರ್ಯಮರಿಗೆ ಅಲ್ಲಾಹನು ಮೊದಲು ಒದಗಿಸಿದ್ದು ನೀರು ಮತ್ತು ಖರ್ಜೂರವನ್ನು. ಮಿಕ್ಕ ವಿಚಾರಣೆ ಆಮೇಲೆ ಇಟ್ಟುಕೊಳ್ಳಬಹುದು.